ಗಾಜಿನ ಪೆಟ್ಟಿಗೆಯ ಗಾಳಿ

ನನ್ನ ಗಂಡ ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವವರು. ನಾನು ಅದೇ ಆಸ್ಪತ್ರೆಯ ಹಸುಗೂಸುಗಳ ವಾರ್ಡಿನ ನರ್ಸು. ಮನೆಯಲ್ಲಿ ‘ಏನೇ’ ಎನ್ನುವ ಮನುಷ್ಯ ವಾರ್ಡಿಗೆ ಬಂದರೆ ಎಲ್ಲರಂತೆ ನನ್ನನ್ನೂ ‘ಸಿಸ್ಟರ್’ ಎನ್ನುತ್ತಾರೆ. ಆಯಾಗಳು ಮುಖ ತಿರುಗಿಸಿಕೊಂಡು ನಗುತ್ತಾರೆ. ಇವರ ಮುಖದಲ್ಲಿ ಮಾತ್ರ ನಗುವಿನ ಸುಳಿವೇ ಇರುವುದಿಲ್ಲ. ಮದುವೆಯಾದ ಹೊಸದರಲ್ಲಿ ಈ ಗಂಟುಮುಖ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಮೇಲೆ ನಾದಿನಿಯ ವಿಷಯ ತಿಳಿಯಿತು. ಅವಳು ತಿಂಗಳು ತುಂಬುವ ಮೊದಲೇ ಹುಟ್ಟಿದವಳು. ಉಸಿರು ನಿಲ್ಲದಿರಲಿ ಎಂದು ಆಗ ಅವಳನ್ನು ಬೆಚ್ಚಗಿಟ್ಟಿದ್ದ ಗಾಜಿನ ಪೆಟ್ಟಿಗೆಯೊಳಗೆ ಧಾರಾಳವಾಗಿ ಆಕ್ಸಿಜನ್ ಬಿಟ್ಟಿದ್ದರು. ಅಂಥ ಎಳೆಗೂಸಿಗೆ ಆಕ್ಸಿಜನ್ ಕಡಿಮೆಯಾದರೆ ಜೀವಕ್ಕೆ ಅಪಾಯ, ಹೆಚ್ಚಾದರೆ ಕಣ್ಣಿಗೆ. ಜೀವ ಉಳಿಯಿತು, ದೃಷ್ಟಿ ಹೋಯಿತು. ಇವರಿಗೆ ಕಾರಣ ಗೊತ್ತಾಗಿದ್ದು ಈ ಕೆಲಸ ಕಲಿಯುವಾಗ. ತಂಗಿಗೆ ಹೇಳಿದರು, ನನಗೂ ಹೇಳಿದರು. ತಾಯಿಗೆ ಮಾತ್ರ ಹೇಳಲಿಲ್ಲ.

ಮೊನ್ನೆ ಬೆಳಿಗ್ಗೆ ವಾರ್ಡಿನ ಒಂದು ಪೆಟ್ಟಿಗೆ, ಆಕ್ಸಿಜನ್ ಕಡಿಮೆ ಎಂದು ಕೂಗತೊಡಗಿತು. ಒಳಗೆ ಅಂಗೈಗಿಂತ ತುಸು ದೊಡ್ಡ ಹೆಣ್ಣುಮಗು. ಅಲಾರಾಂ ನಿಲ್ಲಿಸಿದರೆ ಮತ್ತೆ ಶುರು. ಮಗುವಿನ ತಾಯಿ ಓಡಿಬಂದು ನನ್ನ ತೋಳು ಹಿಡಿದಳು.

“ಜಾಸ್ತಿ ಬಿಡಿ ಅಕ್ಕಾ! ನಿಮ್ಮ ಕಾಲಿಗೆ ಬೀಳ್ತೀನಿ, ಸ್ವಲ್ಪ ಜಾಸ್ತಿ ಬಿಡಿ!”

ಡಾಕ್ಟರಮ್ಮ ಮಗುವಿನ ಎದೆ, ತುಟಿಯ ಬಣ್ಣ, ಪಾದಕ್ಕೆ ಸುತ್ತಿದ ಪಟ್ಟಿ ತೋರಿಸುವ ರಕ್ತದ ಆಕ್ಸಿಜನ್ ಅಂಕಿ ಎಲ್ಲ ನೋಡಿದರು. “ಮಗು ಚೆನ್ನಾಗೇ ಇದೆ. ಮತ್ತೆ ಇದ್ಯಾಕೆ ಹೀಗೆ ಬಡ್ಕೊಳ್ತಿದೆ?” ಎಂದು ಇವರನ್ನು ಕರೆಸಿದರು.

ಇವರು ಬಂದವರೇ ಗೋಡೆಯ ಮೇಲಿನ ಆಕ್ಸಿಜನ್ ಒತ್ತಡದ ಮುಳ್ಳು ನೋಡಿದರು. ಸರಿಯಿತ್ತು. ಕೊಳವೆಯನ್ನು ಉದ್ದಕ್ಕೂ ಸವರಿದರು, ಸೋರಿಕೆಯಿಲ್ಲ, ಮಡಿಕೆಯಿಲ್ಲ. ಕೈ ತೂರಿಸುವ ಕಿಂಡಿಗಳೂ ಭದ್ರವಾಗಿದ್ದವು. ಕೊನೆಗೆ ಆಕ್ಸಿಜನ್ ಅಳೆಯುವ ಸೆನ್ಸರನ್ನು ಹೊರಗೆಳೆದು ವಾರ್ಡಿನ ಗಾಳಿಯಲ್ಲಿ ಹಿಡಿದರು. ನಾವೆಲ್ಲ ಉಸಿರಾಡುವ ಗಾಳಿಗೆ ಅದು ನೂರಕ್ಕೆ ಇಪ್ಪತ್ತೊಂದು ತೋರಿಸಬೇಕು. ಹದಿನಾಲ್ಕು ತೋರಿಸಿತು.

“ಸೆನ್ಸರ್ ಹೋಗಿದೆ ಡಾಕ್ಟ್ರೇ. ಇರೋದಕ್ಕಿಂತ ಕಡಿಮೆ ತೋರಿಸ್ತಿದೆ. ಸಿಸ್ಟರ್, ಆಕ್ಸಿಜನ್ ಹೆಚ್ಚು ಮಾಡ್ಬೇಡಿ.”

ಡಾಕ್ಟರಮ್ಮ ತಲೆಯಾಡಿಸಿ, ಮಗುವಿನ ಮೇಲೇ ಕಣ್ಣಿಟ್ಟು ನಿಂತರು. ತಾಯಿ ಮಾತ್ರ ಇವರ ಮೇಲೆ ಹರಿಹಾಯ್ದಳು.

“ಹೆತ್ತ ಸಂಕಟ ನಿಮಗೇನ್ರೀ ಗೊತ್ತು? ನನ್ನ ಮಗು ಹೋದ್ರೆ ನೀವು ತಂದ್ಕೊಡ್ತೀರಾ?”

ಇವರು “ಅವಳ ಕಣ್ಣೂ ಉಳೀಬೇಕಮ್ಮ,” ಎಂದಷ್ಟೇ ಹೇಳಿ, ಹೊಸ ಸೆನ್ಸರನ್ನು ಗಾಳಿಯಲ್ಲಿ ಹಿಡಿದು ಪರೀಕ್ಷಿಸಿ ಒಳಗೆ ಕೂರಿಸಿದರು. ಅಂಕಿ ಬೇಕಾದ ಮಟ್ಟಕ್ಕೇ ಬಂತು, ಕೂಗು ನಿಂತಿತು. ತಾಯಿ ಗಾಜಿಗೆ ಹಣೆ ಹಚ್ಚಿ ಅತ್ತಳು.

ಸಂಜೆ ಎಲ್ಲರೂ ಊಟಕ್ಕೆ ಕೂತಾಗ ನಾನು ಬಾಯಿ ತಡೆಯದೆ ಈ ವಿಷಯ ಎತ್ತಿದೆ. ಇವರು ಕೆಕ್ಕರಿಸಿ ನೋಡಿದರು. ಅಷ್ಟರಲ್ಲಿ ಅತ್ತೆ ಶುರುಮಾಡಿಯಾಗಿತ್ತು.

“ಪಾಪ, ಆ ಹುಡುಗಿ ಕೇಳದೆ ಇರ್ತಾಳಾ? ಇವಳು ಹುಟ್ಟಿದಾಗ ನಾನೂ ಹಾಗೇ ಡಾಕ್ಟ್ರ ಕಾಲು ಹಿಡ್ಕೊಂಡಿದ್ದೆ. ಜಾಸ್ತಿ ಬಿಡಿಸೋವರೆಗೂ ಬಿಡಲಿಲ್ಲ. ಅದಕ್ಕೇ ಇವತ್ತು ಇವಳು ನನ್ನ ಕಣ್ಮುಂದೆ ಇದ್ದಾಳೆ.”

ಇವರು ತಟ್ಟೆಯಿಂದ ತಲೆ ಎತ್ತಲಿಲ್ಲ. ನಾದಿನಿ ಕೈ ಚಾಚಿ, ತಡವಿ, ತಾಯಿಯ ಮೊಣಕೈ ಹಿಡಿದುಕೊಂಡಳು.

“ಹೂಂ ಅಮ್ಮ,” ಅಂದಳು. “ನೀನು ಕೇಳದೆ ಇದ್ದಿದ್ರೆ ನಾನು ಉಳೀತಾನೇ ಇರಲಿಲ್ಲ.”