ಅಸಲು ಯಾವುದು, ನಕಲು ಯಾವುದು

ಸ್ಟುಡಿಯೋ ಮುಚ್ಚಿ ವರ್ಷಗಳಾಗಿದ್ದರೂ ಬೀದಿಯವರ ಬಾಯಲ್ಲಿ ಆಕೆ ಇನ್ನೂ ಸ್ಟುಡಿಯೋ ಅಕ್ಕನೇ. ಯಾರ ಮನೆಯಲ್ಲಾದರೂ ಹಿರಿಯರು ತೀರಿಕೊಂಡರೆ, ಅವರದೊಂದು ಒಳ್ಳೆ ಫೋಟೋ ಸಿಗಬಹುದೇ ಎಂದು ಬಂದು ನಿಲ್ಲುತ್ತಿದ್ದರು. ಆಗ ಅಕ್ಕನಿಗೆ ಪೀಕಲಾಟ. ಫೋಟೋಗಳೆಲ್ಲ ಹಳೆಯ ಕಂಪ್ಯೂಟರುಗಳಿಂದ ಬಿಚ್ಚಿಟ್ಟ ಹಾರ್ಡ್ ಡಿಸ್ಕುಗಳಲ್ಲಿದ್ದವು. ಯಾವುದರಲ್ಲಿ ಯಾರಿದ್ದಾರೆ ಎಂಬುದು ಆಕೆಗೇ ಗೊತ್ತಿರಲಿಲ್ಲ.

ಅಕ್ಕನ ಸೋದರಸೊಸೆ, ಅಂದರೆ ಅಣ್ಣನ ಮಗಳು, ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದಳು. ಅತ್ತೆಯ ಪಾಡು ನೋಡಲಾರದೆ ಒಂದು ಭಾನುವಾರ ಬಂದು, ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಹಳೆಯ ಕಂಪ್ಯೂಟರನ್ನೇ ಸರ್ವರ್ ಮಾಡಿ ಕೂರಿಸಿದಳು. ಇದ್ದುದರಲ್ಲಿ ದೊಡ್ಡವೂ ಗಟ್ಟಿಯೂ ಆದ ಎರಡು ಡಿಸ್ಕುಗಳನ್ನು ಜೋಡಿ ಮಾಡಿ, ಉಳಿದವುಗಳಲ್ಲಿದ್ದದ್ದನ್ನೆಲ್ಲ ಅದಕ್ಕೆ ತುಂಬಿದಳು. ಖಾಲಿಯಾದವು ಗುಜರಿಗೆ ಹೋದವು. ಎರಡು ಡಿಸ್ಕುಗಳೂ ಕನ್ನಡಿಯ ಹಾಗೆ, ಒಂದರಲ್ಲಿ ಇದ್ದದ್ದೇ ಇನ್ನೊಂದರಲ್ಲೂ ಇರುತ್ತದೆ, ಒಂದು ಕೆಟ್ಟರೆ ಇನ್ನೊಂದು ಕೈಹಿಡಿಯುತ್ತದೆ ಎಂದು ಬಿಡಿಸಿ ಹೇಳಿದಳು.

ಅಕ್ಕ ತಲೆಯಾಡಿಸಿದಳು, ಆದರೆ ತಲೆಗೆ ಹುಳ ಹೊಕ್ಕಿತ್ತು. ನೆಗೆಟಿವ್ ಕಾಲದಿಂದ ಬಂದವಳು ಆಕೆ. ನೆಗೆಟಿವ್ ಅಸಲು, ಪ್ರಿಂಟು ನಕಲು. ನಕಲು ಹರಿದರೆ ಅಸಲಿನಿಂದ ಇನ್ನೊಂದು ತೆಗೆಯಬಹುದು.

"ಇದರಲ್ಲಿ ಅಸಲು ಯಾವುದಮ್ಮ?"

"ಎರಡೂ ಅಸಲೇ ಅತ್ತೆ."

ಅದು ಹೇಗೆ ಸಾಧ್ಯ? ಹುಡುಗಿ ಹೊರಟ ಮೇಲೆ ಅಕ್ಕ ಕಂಪ್ಯೂಟರ್ ಡಬ್ಬಿಯ ಮುಚ್ಚಳ ತೆಗೆದು, ಮೇಲಿನ ಡಿಸ್ಕಿಗೆ ಟೇಪು ಹಚ್ಚಿ 'ಅಸಲು' ಎಂದೂ ಕೆಳಗಿನದಕ್ಕೆ 'ನಕಲು' ಎಂದೂ ಬರೆದಳು. ಆಗ ಮನಸ್ಸಿಗೆ ಸಮಾಧಾನವಾಯಿತು.

ಬೀದಿಯವರು ತಂದುಕೊಟ್ಟ ಫೋಟೋಗಳನ್ನೂ ಅದಕ್ಕೇ ಸೇರಿಸುತ್ತ ಹೋಗಿ, ಕೆಲವು ತಿಂಗಳಲ್ಲಿ ಜಾಗ ತುಂಬಿತೆಂದು ಪರದೆಯ ಮೇಲೆ ಸೂಚನೆ ಬಂತು. ಅಕ್ಕ ಯೋಚಿಸಿದಳು: ಇಲ್ಲಿ ಕಾಣುವುದು ನಕಲೇ ಇರಬೇಕು, ಅಸಲು ಒಳಗೆ ಭದ್ರವಾಗಿದೆಯಲ್ಲ. ಹಳೆಯ ಮದುವೆಗಳನ್ನೂ ಪಾಸ್‌ಪೋರ್ಟ್ ಫೋಟೋಗಳನ್ನೂ ಒಂದೊಂದಾಗಿ ಅಳಿಸಿದಳು. ಪರದೆಯ ಮೇಲಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದಳು. ಕೈ ಒರೆಸಿಕೊಂಡು ಅಸಲನ್ನು ಹುಡುಕಹೊರಟರೆ ಅದು ಎಲ್ಲೂ ಇಲ್ಲ. ತಾನು ಅಳಿಸಿದ್ದು ಯಾವುದು, ಉಳಿದದ್ದು ಯಾವುದು, ತಲೆಬುಡ ತಿಳಿಯಲಿಲ್ಲ. ನಾನೆಲ್ಲೋ ತಪ್ಪು ಕಡೆ ನೋಡುತ್ತಿದ್ದೇನೆ ಎಂದುಕೊಂಡು ಮೂರು ಸಲ ಯಂತ್ರವನ್ನು ಆರಿಸಿ ಹಚ್ಚಿದಳು.

ಕೊನೆಗೆ ಅಕ್ಕ ಸೊಸೆಗೆ ಫೋನು ಮಾಡಿದಳು. ಅವಳು ಯಂತ್ರ ಆರಿಸಿ, ತಾನು ಬರುವ ತನಕ ಮುಟ್ಟಬೇಡಿ ಎಂದಷ್ಟೇ ಹೇಳಿ, ರಜೆ ಹಾಕಿ ಬಂದಳು. ಟೇಪಿನ ಮೇಲಿನ ಬರಹ ನೋಡಿ ನಗು ಬಂದರೂ ನುಂಗಿಕೊಂಡಳು.

"ಅತ್ತೆ, ನೀವು ಮುಖ ತೊಳೆದರೆ ಕನ್ನಡಿಯಲ್ಲಿರೋ ಮುಖ ತೊಳೆಯದೇ ಇರುತ್ತಾ?"

ಅಕ್ಕನಿಗೆ ಆಗ ಹೊಳೆಯಿತು, ಹೊಳೆದದ್ದೇ ಅಳು ಬಂತು.

ಅಳಿಸಿದ್ದನ್ನು ಹೆಕ್ಕುವ ಪ್ರೋಗ್ರಾಂ ಒಂದನ್ನು ಹಾಕಿ, ಸಿಕ್ಕಿದ್ದನ್ನೆಲ್ಲ ಸೊಸೆ ಬೇರೊಂದು ಡಿಸ್ಕಿಗೆ ಇಳಿಸಿದಳು. ಮುಕ್ಕಾಲು ಪಾಲು ಬಂತು. ಆದರೆ ಹೆಸರಿಲ್ಲ, ತಾರೀಖಿಲ್ಲ. ಒಬ್ಬರ ಮದುವೆಯಲ್ಲಿ ಇನ್ನೊಬ್ಬರ ನೆಂಟರು, ನಡುನಡುವೆ ಗಂಭೀರ ಮುಖದ ಪಾಸ್‌ಪೋರ್ಟ್ ಫೋಟೋಗಳು, ಎಲ್ಲ ಕಲಸುಮೇಲೋಗರ.

ಆಮೇಲೆ ಅಕ್ಕನ ನಡುಮನೆಯಲ್ಲಿ ಮುಖಗಳ ಗುರುತು ಹಚ್ಚಲು ಸಂಜೆಸಂಜೆಗೂ ಬೀದಿಯ ಹೆಂಗಸರು ಸೇರತೊಡಗಿದರು. ಪಕ್ಕದ ಮನೆಯ ಟೈಲರಮ್ಮ ಒಬ್ಬ ವಧುವನ್ನು ತನ್ನ ತಂಗಿ ಎಂದಳು. ಬ್ಲೌಸು ತಾನೇ ಹೊಲಿದದ್ದು, ತೋಳು ನೋಡಿದರೆ ಗೊತ್ತಾಗುವುದಿಲ್ಲವೇ ಎಂದು ವಾದಿಸಿದಳು. ತಂಗಿಯನ್ನೇ ಕರೆಸಿ ತೋರಿಸಿದರೆ, "ಇದು ನಾನಲ್ಲ, ಆದರೆ ಬ್ಲೌಸು ನಂದೇ" ಎಂದಳು ಅವಳು. ಎರವಲು ಕೊಟ್ಟದ್ದು ಯಾರಿಗೆಂದು ಅಕ್ಕತಂಗಿಯರಿಗೆ ನೆನಪಾಗಲಿಲ್ಲ. ಹಾಗೂ ಹೀಗೂ ಬಹಳಷ್ಟು ಮುಖಗಳು ಅವರವರ ಮನೆ ಸೇರಿದವು. ಎಲ್ಲದರ ಇನ್ನೊಂದು ಪ್ರತಿಯನ್ನು ಸೊಸೆ ಬಿಡಿ ಡಿಸ್ಕಿನಲ್ಲಿ ತೆಗೆದು, ಯಾವ ವೈರನ್ನೂ ಸಿಕ್ಕಿಸದೆ ಅಲಮಾರಿಯಲ್ಲಿಟ್ಟಳು.

ಕೊನೆಗೂ ಗುರುತಾಗದ ಮುಖಗಳು ಕೆಲವು ಉಳಿದವು. ಅವುಗಳಲ್ಲೊಬ್ಬ ಮುದುಕ. ಅವನ ಕಾಲರು ಸರಿಮಾಡಿದ್ದು, ಗಲ್ಲ ಎತ್ತಿ ಕೂತ್ಕೊಳ್ಳಿ ಅಂದದ್ದು ಅಕ್ಕನ ಕಣ್ಣಿಗೆ ಕಟ್ಟಿದಂತಿತ್ತು. ಯಾರೆಂಬುದು ಮಾತ್ರ ಹೊಳೆಯಲೊಲ್ಲದು. ಇವನ್ನೆಲ್ಲ ತೆಗೆದುಬಿಡಲೇ ಎಂದು ಸೊಸೆ ಕೇಳಿದಳು. ಅಕ್ಕ ಬೇಡವೆಂದು, 'ಯಾರೋ' ಎಂಬ ಫೋಲ್ಡರು ಮಾಡಿಸಿ ಅವರನ್ನು ಅದರಲ್ಲಿಟ್ಟಳು.