ಹಾಲಮ್ಮ ಕಾಯ್ದ ಗೇಟು

ಮೊನ್ನೆ ಚನ್ನಗಿರಿಯ ಶಾಲೆಯೊಂದರ ಗೇಟಿನ ಮುಂದೆ ನಾವು ಮೂವರಿದ್ದೆವು: ಗೇಟು ಕಾಯುವ ಹೆಣ್ಣುಮಗಳು, ಅಡಿಕೆ ಮಂಡಿಯ ಯಜಮಾನರೊಬ್ಬರು, ಮೊಮ್ಮಗನನ್ನು ಕರೆದೊಯ್ಯಲು ಹೋಗಿದ್ದ ನಾನು. ಆಕೆ ನಮ್ಮಿಬ್ಬರ ಹೆಸರು ಬರೆಸಿಕೊಂಡು, ಮೊಬೈಲಿನಲ್ಲಿ ಮುಖದ ಫೋಟೊ ಹಿಡಿದು, ಮಗುವಿನ ತಾಯಿಗೆ ಓಟಿಪಿ ಹೋಗಿದೆ, ಅದನ್ನು ಹೇಳಿದ ಮೇಲೆಯೇ ಮಗುವನ್ನು ಬಿಡುವುದು ಎಂದಳು. ನನ್ನ ಮಗಳು ಸುಮಾ ಬ್ಯಾಂಕಿನ ಕೆಲಸದಲ್ಲಿದ್ದಾಳೆ, ಫೋನು ಎತ್ತಲಿಲ್ಲ. ಸ್ವಂತ ಮೊಮ್ಮಗಳನ್ನು ಕರ್ಕೊಂಡು ಹೋಗಾಕೂ ನಂಬರು ಬೇಕಾದ ಕಾಲ ಬಂತಲ್ಲ ಎಂದು ಯಜಮಾನರು ನನ್ನ ಕಡೆ ತಿರುಗಿ ಗೊಣಗಿದರು. ನಾನು ಹೋಗಿ ಬೆಂಚಿನ ಮೇಲೆ ಕೂತೆ. ಇಂಥದೇ ಒಂದು ಗೇಟಿನ ಋಣ ನನ್ನ ಮೇಲಿದೆ. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ, ಹೇಗೂ ಓಟಿಪಿ ಬರುವವರೆಗೆ ನನಗೆ ಬೇರೆ ಕೆಲಸವಿಲ್ಲ.

ಆಗ ನನ್ನದು ಮೆಕ್ಕೆಜೋಳ ಒಕ್ಕುವ ಮಿಷಿನ್ನಿನ ಬದುಕು. ಸುಗ್ಗಿ ಬಂತೆಂದರೆ ಟ್ರ್ಯಾಕ್ಟರಿನ ಹಿಂದೆ ಮಿಷಿನ್ನು ಕಟ್ಟಿಕೊಂಡು ಸಂತೇಬೆನ್ನೂರು, ಹೊನ್ನಾಳಿ, ನ್ಯಾಮತಿ ಎಂದು ಕಣದಿಂದ ಕಣಕ್ಕೆ ಅಲೆಯುತ್ತಿದ್ದೆ. ಹೆಂಡತಿ ಮತ್ತು ಪುಟ್ಟ ಸುಮಾ ಜಗಳೂರಿನಲ್ಲಿ, ಅತ್ತೆಯವರ ಮನೆಯಲ್ಲಿ. ತಿಂಗಳಿಗೊಮ್ಮೆ ಹೋದರೆ ಹೆಚ್ಚು. ಹೋದಾಗಲೂ ಅರ್ಧ ಹೊತ್ತು ನಿದ್ದೆ. ಇಷ್ಟಾದರೂ ನಾನೊಬ್ಬ ಒಳ್ಳೆಯ ತಂದೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ ನೋಡಿ.

ಒಂದು ಬೆಳಿಗ್ಗೆ ನ್ಯಾಮತಿಯ ಕಣಕ್ಕೆ ಸುದ್ದಿ ಬಂತು. ಹೆಂಡತಿಗೆ ಹೊಟ್ಟೆನೋವು ಜೋರಾಗಿ ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದ್ದಾರೆ, ಸಂಜೆಗೆ ಆಪರೇಷನ್ನು. ಓಡಿದೆ. ಅತ್ತೆಯವರು ಹಾಸಿಗೆಯ ಪಕ್ಕ ಕೂತಿದ್ದರು. ಹೆಂಡತಿ ಕೇಳಿದ್ದು ಒಂದೇ: ಒಳಗೆ ಹೋಗುವ ಮುಂಚೆ ಮಗಳ ಮುಖ ನೋಡಬೇಕು. ಮಗಳನ್ನು ಪಕ್ಕದ ಮನೆಯವರು ಎಂದಿನಂತೆ ಶಾಲೆಗೆ ಬಿಟ್ಟಿದ್ದರಂತೆ. ಬಂದ ಬಟ್ಟೆಯಲ್ಲೇ ಜಗಳೂರಿನ ಬಸ್ಸು ಹತ್ತಿದೆ.

ಶಾಲೆಯಲ್ಲಿ ಹೆಡ್ ಮಾಸ್ತರು ಮೀಟಿಂಗಿಗೆ ಹೋಗಿದ್ದರು. ಇದ್ದೊಬ್ಬ ಮೇಡಂ ಹೊಸಬರು. ಬಿಸಿಯೂಟದ ಪಾತ್ರೆ ತೊಳೆದಿಟ್ಟ ಮೇಲೆ ಗೇಟು ಕಾಯುವುದೂ ಅಡುಗೆಯ ಹಾಲಮ್ಮನದೇ ಕೆಲಸ. ಬಂದವರ ಹೆಸರು, ಊರು, ಸಂಬಂಧ ಎಲ್ಲವನ್ನೂ ಅವರ ಕೈಯಿಂದಲೇ ನೋಟ್‌ಬುಕ್ಕಿನಲ್ಲಿ ಬರೆಸುತ್ತಿದ್ದಳು, ಆಕೆಗೆ ಓದು ಬಾರದು. ನಾನು ‘ತಂದೆ’ ಎಂದು ದಪ್ಪಗೆ ಬರೆದೆ. ಆಕೆ ಅತ್ತ ಕಣ್ಣೂ ಹಾಯಿಸಲಿಲ್ಲ. ಸುಮಾಳನ್ನೇ ಕರೆಸಿ ಕೇಳು ತಾಯಿ ಎಂದೆ.

“ಮಕ್ಕಳಿಗೆ ಏನ್ ತಿಳೀತೈತ್ರಿ. ನಮ್ಮೂರಾಗೆ ಪಂಚೆ ಉಟ್ಟೋರೆಲ್ಲಾ ಮಾವ, ಸೀರೆ ಉಟ್ಟೋರೆಲ್ಲಾ ಅತ್ತೆ. ಯಾರ್ ಕೈ ಚಾಚಿದ್ರೂ ಹೋಗ್ತಾವೆ. ನೀವೇ ಹೇಳ್ರಿ, ಸುಮಾ ತಟ್ಟೆಯಾಗೆ ಏನ್ ಬಿಡ್ತಾಳೆ?”

ದಿನವೂ ಬಡಿಸುವ ಕೈ ಅವಳದು. ಹೆಸರು, ಊರು, ಅಪ್ಪನ ಕಸುಬು ಎಲ್ಲವನ್ನೂ ಯಾರಾದರೂ ಕೇಳಿ ತಿಳಿದುಕೊಂಡು ಬಂದಾರು. ಮಗು ಏನು ತಿನ್ನದು ಎಂಬುದು ಮನೆಯವರಿಗೆ ಗೊತ್ತು, ಬಿಟ್ಟರೆ ಹಾಲಮ್ಮನಿಗೆ. ಬಂದವರಿಗೆಲ್ಲ ಇದೇ ಆಕೆಯ ಪರೀಕ್ಷೆ.

ನಾನು ಎದೆ ಉಬ್ಬಿಸಿ, ನನ್ನ ಮಗಳು ಎಲ್ಲಾ ತಿಂತಾಳೆ ಎಂದೆ. ಹಾಲಮ್ಮ ಗೇಟಿನ ಚಿಲಕ ಹಾಕಿದಳು.

ಬೇಡಿಕೊಂಡೆ. ಗದರಿದೆ. ಆಪರೇಷನ್ನಿನ ಹೊತ್ತು ಹೇಳಿದೆ. ಕಡೆಗೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಗೇಟಿನ ಕಂಬಿ ಹಿಡಿದು ಕಣ್ಣೀರು ಹಾಕಿದೆ. ಆಕೆಯ ಮುಖ ಸಣ್ಣಗಾಯಿತು, ಚಿಲಕ ಮಾತ್ರ ತೆಗೆಯಲಿಲ್ಲ. “ಅಳೋದು ನೋಡಿ ಬಿಟ್ರೆ ನಾಳೆ ಅಳೋರೇ ಬರ್ತಾರೆ ಯಣ್ಣ. ನಿಂದರ್ರಿ,” ಎಂದು ಒಳಗೆ ಹೋದಳು.

ತಿರುಗಿ ಬಂದವಳು ನನಗೆ ಬೆನ್ನು ತೋರಿಸಲು ಹೇಳಿದಳು. ತೋರಿಸಿದೆ. ಕಂಬಿಯ ಸಂದಿಯಿಂದ ಕೈ ಚಾಚಿ ಅಂಗಿಯ ಕಾಲರು ಮಗುಚಿ, ಬೆರಳಿಂದ ಏನನ್ನೋ ತೆಗೆದು ಬಿಸಿಲಿಗೆ ಹಿಡಿದಳು. ಮೆಕ್ಕೆಜೋಳದ ಹೊಟ್ಟು! ಒಳಗೆ ಆಕೆ, ಯಾರು ಬಂದಿದ್ದಾರೆಂದು ಬಾಯಿ ಬಿಡದೆ, ನಿಮ್ಮಪ್ಪ ಮನೆಗೆ ಬರುವಾಗ ಏನು ತರುತ್ತಾನೆ ಎಂದು ಸುಮಾಳನ್ನು ವಿಚಾರಿಸಿದ್ದಳಂತೆ. ಅದಕ್ಕೆ ನನ್ನ ಮಗಳು ಕೊಟ್ಟ ಉತ್ತರವನ್ನು ಹಾಲಮ್ಮ ಇದ್ದದ್ದು ಇದ್ದ ಹಾಗೆ ಒಪ್ಪಿಸಿದಳು: “ಏನೂ ತರಲ್ಲ. ಕೊಳ್ಳಾಗೆ ಹೊಟ್ಟು ತುಂಬ್ಕಂಡು ಬಂದು ಕೆರ್ಕಂತಾ ಕೂತಿರ್ತಾನೆ.”

ಚಿಲಕ ತೆರೆಯಿತು. ಸುಮಾಳ ಕೈಯನ್ನು ನನ್ನ ಕೈಗಿಡುತ್ತಾ ಹಾಲಮ್ಮ ದನಿ ತಗ್ಗಿಸಿದಳು. “ಬದನೆಕಾಯಿ ಮುಟ್ಟಲ್ಲ. ತಿಳ್ಕಂಡಿರ್ರಿ.”

ಹೊತ್ತಿಗೆ ತಲುಪಿದೆವು. ಹೆಂಡತಿ ಮಗಳ ಕೆನ್ನೆ ಸವರಿ ಒಳಗೆ ಹೋದಳು, ದೇವರ ದಯೆ, ಗುಣವಾಗಿ ಮನೆಗೆ ಬಂದಳು. ಆ ಸುಗ್ಗಿಯ ಉಳಿದ ದಿನ ಮಿಷಿನ್ನನ್ನು ತಮ್ಮನಿಗೆ ವಹಿಸಿ ನಾನು ಒಲೆಯ ಮುಂದೆ ಕೂತೆ. ಆಮೇಲೂ ವಾರಕ್ಕೊಮ್ಮೆ ಮನೆ ಮುಟ್ಟುವುದನ್ನು ತಪ್ಪಿಸಲಿಲ್ಲ. ಹಾಲಮ್ಮ ಆ ದಿನ ಗೇಟು ತೆಗೆದದ್ದು ದೊಡ್ಡ ಉಪಕಾರ. ಅದಕ್ಕೂ ದೊಡ್ಡದು, ಅಷ್ಟು ಹೊತ್ತು ನನ್ನನ್ನು ಹೊರಗೆ ನಿಲ್ಲಿಸಿದ್ದು. ಈ ಮಾತನ್ನು ಆಕೆಗೆ ಹೇಳಬೇಕಿತ್ತು. ನಮಸ್ಕಾರ ಹೇಳಿದೆ, ಇದನ್ನು ಹೇಳಲಿಲ್ಲ.

ಅಷ್ಟರಲ್ಲಿ ಮಗಳು ಫೋನು ಮಾಡಿ ಓಟಿಪಿ ಹೇಳಿದಳು, ಮೊಮ್ಮಗನೂ ಚೀಲ ಎಳೆದುಕೊಂಡು ಬಂದ. ಯಜಮಾನರಿಗೆ ಓಟಿಪಿ ಇನ್ನೂ ಬಂದಿರಲಿಲ್ಲ. ಬೆಂಚಿನಲ್ಲಿ ಅವರಿಗೆ ಜಾಗ ಬಿಟ್ಟುಕೊಟ್ಟು, ಗೇಟಿನ ಹೆಣ್ಣುಮಗಳಿಗೆ ಕೈಮುಗಿದು ಬಂದೆ.

ಮರುದಿನ ಸುಮಾ ಶಾಲೆಗೆ ಹೋಗಿ, ಮಗುವನ್ನು ಯಾರ ಕೈಗೆ ಕೊಡಬಹುದು ಎಂಬ ಪಟ್ಟಿಯನ್ನು ಹೊಸದಾಗಿ ಬರೆದುಕೊಟ್ಟಳು. ನನ್ನ ಹೆಸರನ್ನು ಆಕೆ ಹಾಕಿದ್ದು ತನ್ನ ಹೆಸರಿನ ಕೆಳಗೆ, ಅಳಿಯಂದಿರ ಹೆಸರಿನ ಮೇಲೆ.