ಸೋಲೂರಿನಲ್ಲಿ ನಿಲ್ಲದ ಚಾರ್ಜರ್

ಅಪ್ಪನ ಎಡಗಣ್ಣು ಹೋದದ್ದು ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ. ಚನ್ನಪಟ್ಟಣದಲ್ಲಿ ಹೆದ್ದಾರಿಯ ಪಕ್ಕ ಅವರದೊಂದು ಬ್ಯಾಟರಿ ಅಂಗಡಿ ಇತ್ತು. ಲಾರಿ, ಟ್ರ್ಯಾಕ್ಟರುಗಳ ಬ್ಯಾಟರಿ ಬಿಚ್ಚಿ ಆಸಿಡ್ ತುಂಬಿ ಚಾರ್ಜಿಗೆ ಹಾಕುವ ಕೆಲಸ. ಒಂದು ಮಧ್ಯಾಹ್ನ ಚಾರ್ಜಿಗಿಟ್ಟಿದ್ದ ಬ್ಯಾಟರಿ ಸಿಡಿದು ಆಸಿಡ್ ಮುಖಕ್ಕೆ ಹಾರಿತು. “ತಾನಾಗೇ ಸಿಡೀತು” ಎಂದಷ್ಟೇ ಅಪ್ಪ ಹೇಳಿದರು. ಮನೆಯಲ್ಲಿ ಯಾರೂ ಮತ್ತೆ ಆ ಮಾತು ಎತ್ತಲಿಲ್ಲ. ಗಾಯ ಒಣಗಿದ ಮೇಲೆ ಅವರು ಅದೇ ಅಂಗಡಿಯ ಬಾಗಿಲು ತೆರೆದರು.

ಮಗಳೂ ಅದೇ ಕಸುಬಿನ ಹತ್ತಿರ ಬಂದದ್ದು ಅವರಿಗೆ ಇಷ್ಟವಾಗಲಿಲ್ಲ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಬಿಡದಿಯ ಕಾರ್ಖಾನೆಯೊಂದರಲ್ಲಿ ವೈರಿಂಗ್ ಕೆಲಸಕ್ಕೆ ಸೇರಿದೆ. ಹಿಪ್ಪುನೇರಳೆ ತೋಟಗಳಿದ್ದ ಕಡೆ ದಿನಕ್ಕೊಂದು ಕಾಂಪೌಂಡ್ ಗೋಡೆ ಏಳುತ್ತಿದ್ದ ಕಾಲ ಅದು. ರಸ್ತೆ ಅಗಲ ಮಾಡುವಾಗ ಅಪ್ಪನ ಅಂಗಡಿ ಹೋಯಿತು. ಅಷ್ಟರಲ್ಲಿ ನಾನೂ ಕಾರ್ಖಾನೆ ಬಿಟ್ಟು ರಾಮನಗರದಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದು, ಆಗತಾನೆ ಅಲ್ಲೊಂದು ಇಲ್ಲೊಂದು ಕಾಣಿಸುತ್ತಿದ್ದ ಬ್ಯಾಟರಿ ಗಾಡಿಗಳ ರಿಪೇರಿ ಶುರು ಮಾಡಿದ್ದೆ. ಅಪ್ಪ ಬೆಳಗಿನ ಬಸ್ಸಿಗೆ ಬಂದು ಶೆಡ್ಡಿನ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಕೆಲಸ ಮಾಡಲು ಅಂತ ಅಲ್ಲ. ನನ್ನನ್ನು ಕಾಯುವುದಕ್ಕೆ ಎಂದು ನನಗೆ ತಡವಾಗಿ ಅರ್ಥವಾಯಿತು.

ಒಂದು ದಿನ ಸೋಲೂರಿನ ಕಡೆಯ ಹೆಂಗಸೊಬ್ಬರು ತಮ್ಮ ವ್ಯಾನ್ ತಾವೇ ಓಡಿಸಿಕೊಂಡು ಬಂದರು. ಸುತ್ತಲ ಹಳ್ಳಿಗಳ ಹಾಲು ಎತ್ತಿ ಮಾಗಡಿಯ ಹೋಟೆಲುಗಳಿಗೆ ಹಾಕುವುದು ಅವರ ಕೆಲಸ. ಡೀಸೆಲ್ ಎಂಜಿನ್ ತೆಗೆಸಿ ಬ್ಯಾಟರಿ ಮೋಟರ್ ಹಾಕಿಸಿದ್ದರು. “ಎಲ್ಡನೇ ಸೆಟ್ ಬ್ಯಾಟ್ರಿನೂ ಸಾಯ್ತಾ ಐತೆ ಕಣವ್ವ. ಹಾಕ್ಕೊಟ್ಟೋನು ಫೋನೇ ಎತ್ತಲ್ಲ. ಹಾಲು ನಿಂತ್ರೆ ಊರೋರೆಲ್ಲ ನನ್ ಬಾಗ್ಲಾಗೆ ಬಂದ್ ಕುಂತ್ಕಂತಾರೆ” ಎಂದರು.

ಕಾರಣ ನೋಡಿದ ಕೂಡಲೇ ತಿಳಿಯಿತು. ವ್ಯಾನಿನಲ್ಲಿ ಹತ್ತು ಬ್ಯಾಟರಿಗಳನ್ನು ಒಂದರ ಹಿಂದೆ ಒಂದು ಕೂಡಿಸಿದ್ದರು. ಚಾರ್ಜರ್‌ಗೆ ಕಾಣುವುದು ಹತ್ತರ ಒಟ್ಟು ಲೆಕ್ಕ ಮಾತ್ರ. ಒಂದು ಬ್ಯಾಟರಿ ಬೇಗ ತುಂಬಿ ಕುದಿಯುತ್ತಿರುತ್ತದೆ, ಇನ್ನೊಂದು ಹಸಿದೇ ಇರುತ್ತದೆ, ಚಾರ್ಜರ್ ಮಾತ್ರ ಎಲ್ಲಕ್ಕೂ ಒಂದೇ ಸಮನೆ ತುರುಕುತ್ತದೆ. ಇದಕ್ಕೆ ಪ್ರತಿ ಬ್ಯಾಟರಿಯ ತಲೆಯ ಮೇಲೆ ಒಂದು ರೆಗ್ಯುಲೇಟರ್ ಕೂರಿಸಬೇಕು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಪೆಟ್ಟಿಗೆ. ಬ್ಯಾಟರಿ ತುಂಬಿತು ಅನ್ನುವಾಗ ಅದರ ಕೆಂಪು ದೀಪ ಹೊತ್ತುತ್ತದೆ, ಹೆಚ್ಚಿನ ಕರೆಂಟನ್ನು ಸ್ವಲ್ಪಮಟ್ಟಿಗೆ ತಾನೇ ನುಂಗುತ್ತದೆ, ಒಂದು ಸಣ್ಣ ತಂತಿಯ ಮೂಲಕ ಚಾರ್ಜರ್‌ಗೆ ‘ಕಡಿಮೆ ಮಾಡು’ ಎಂದು ಸುದ್ದಿ ಕಳಿಸುತ್ತದೆ.

ಹತ್ತನ್ನೂ ಶೆಡ್ಡಿನಲ್ಲೇ ಒಂದೊಂದಾಗಿ ಪರೀಕ್ಷೆ ಮಾಡಿ ಕೂರಿಸಿದೆ. ಸುದ್ದಿ ತಂತಿಯನ್ನು, ಬ್ಯಾಟರಿಗಳನ್ನು ಕೂರಿಸಿದ್ದ ಕಬ್ಬಿಣದ ತಟ್ಟೆಯ ಅಂಚಿನುದ್ದಕ್ಕೂ ಎಳೆದೆ. ಎಲ್ಲವೂ ಸರಿಯಿತ್ತು. ಪೂರ್ತಿ ಚಾರ್ಜಿನ ಪರೀಕ್ಷೆ ಅವರ ಮನೆಯಲ್ಲೇ ಆಗಬೇಕಿತ್ತು, ದಿನವೂ ಗಾಡಿ ಚಾರ್ಜ್ ಆಗುವುದು ಅಲ್ಲಿಯ ಕರೆಂಟಿನಲ್ಲೇ ತಾನೆ. ಹೊಸ ಚಾರ್ಜರನ್ನು ವ್ಯಾನಿನ ಹಿಂದೆ ಇಟ್ಟುಕೊಂಡು ಮಾಗಡಿ ದಾರಿಯಲ್ಲಿ ಹೊರಟೆವು. ಅಪ್ಪ ಕರೆಯದೆಯೇ ಹತ್ತಿ ಕೂತರು.

ರಸ್ತೆ ಕೆಲಸ ನಡೆಯುತ್ತಿತ್ತು. ಜಲ್ಲಿಯ ಮೇಲೆ ವ್ಯಾನ್ ಕುಲುಕಿದಾಗಲೆಲ್ಲ ಹಿಂದೆ ಬ್ಯಾಟರಿ ತಟ್ಟೆ ಗಡಗಡ ಎನ್ನುತ್ತಿತ್ತು. ಊರು ತಲುಪುವಷ್ಟರಲ್ಲಿ ತುಂತುರು ಹಿಡಿಯಿತು. ಹಾಗಾಗಿ ವ್ಯಾನನ್ನು ಮನೆಗೆ ಒತ್ತಿಕೊಂಡಿದ್ದ ತಗಡಿನ ಕೊಟ್ಟಿಗೆಯೊಳಗೆ ನಿಲ್ಲಿಸಿದರು. ಮನೆಯ ಪಡಸಾಲೆಯ ದೊಡ್ಡ ಪ್ಲಗ್ಗಿನಿಂದ ವೈರು ಎಳೆದು ಚಾರ್ಜರ್‌ಗೆ ಕೊಟ್ಟೆ. ಆ ಚಾರ್ಜರ್‌ಗೆ ತನ್ನದೇ ಸ್ವಿಚ್ ಇರಲಿಲ್ಲ. ಅದರ ಎರಡು ದಪ್ಪ ಕ್ಲಿಪ್ಪುಗಳನ್ನು ಬ್ಯಾಟರಿ ಸಾಲಿನ ಎರಡು ತುದಿಗೆ ಕಚ್ಚಿಸಿ, “ಹಾಕಿ” ಎಂದೆ. ವ್ಯಾನಿನ ಒಡತಿ ಪಡಸಾಲೆಯಲ್ಲಿ ಸ್ವಿಚ್ ಹಾಕಿದರು. ಚಾರ್ಜರಿನ ಫ್ಯಾನ್ ಗುಂಯ್ ಎಂದು ತಿರುಗಿತು.

ಬಹಳ ಹೊತ್ತು ಏನೂ ತೊಂದರೆಯಿಲ್ಲ. ನಾನು ಮೀಟರ್ ಹಿಡಿದು ಒಂದೊಂದೇ ಬ್ಯಾಟರಿ ನೋಡುತ್ತಾ ಹೋದೆ. ಏಳನೆಯದು ಉಳಿದವಕ್ಕಿಂತ ಮುಂದಿತ್ತು. ಕೊನೆಗೆ ಅದರ ಕೆಂಪು ದೀಪವೇ ಮೊದಲು ಹೊತ್ತಿತು. ಈಗ ಚಾರ್ಜರಿನ ಮೇಲೆ ಕರೆಂಟ್ ತೋರಿಸುವ ಮುಳ್ಳು ಕೆಳಗಿಳಿಯಬೇಕು. ಇಳಿಯಲಿಲ್ಲ. ಒಂದು ಗಳಿಗೆ ತಡವಾಗಬಹುದು ಎಂದುಕೊಂಡು ಮುಳ್ಳನ್ನೇ ನೋಡುತ್ತಾ ನಿಂತೆ. ಅದು ಇದ್ದಲ್ಲೇ ಇತ್ತು. ಮೂಗಿಗೆ ಸುಟ್ಟ ವಾರ್ನಿಷಿನ ವಾಸನೆ ಬಂತು. ರೆಗ್ಯುಲೇಟರ್ ಅಷ್ಟು ಕರೆಂಟನ್ನು ತಡೆಯಲಾರದೆ ಕಾದು ಕಪ್ಪಾಗುತ್ತಿತ್ತು. ನೋಡನೋಡುತ್ತಲೇ ಕೆಂಪು ದೀಪ ಆರಿಹೋಯಿತು. ಮೀಟರಿನ ಅಂಕೆ ಇರಬೇಕಾದ ಮಿತಿ ಮೀರಿ, ಹದಿನೈದು ವೋಲ್ಟ್ ದಾಟಿ ಏರುತ್ತಲೇ ಹೋಯಿತು. ಬ್ಯಾಟರಿಯ ಒಳಗಿಂದ ಗುಳುಗುಳು ಸದ್ದು.

“ಆಫ್ ಮಾಡಿ!” ಎಂದು ಕೂಗಿದೆ.

“ಮಾಡ್ದೆ!” ಒಳಗಿಂದ ಒಡತಿಯ ದನಿ ಬಂತು.

ಫ್ಯಾನ್ ನಿಲ್ಲಲಿಲ್ಲ.

“ಇನ್ನೊಂದ್ಸಲ ಮಾಡಿ!”

“ಮಾಡೀವ್ನಿ ಕಣವ್ವ! ಸ್ವಿಚ್ ಮೇಲಕ್ಕೇ ಐತೆ! ಬಿಸಿಯಾಗ್ ಹೊಗೆ ಬತ್ತಾ ಐತೆ!”

ಹಳೆಯ ಸ್ವಿಚ್ಚಿನ ಒಳಗಿನ ತಾಮ್ರ ಬಿಸಿಗೆ ಬೆಸೆದುಕೊಂಡುಬಿಟ್ಟಿತ್ತು. ಕೊಟ್ಟಿಗೆಗೆ ಇದ್ದದ್ದು ಒಂದೇ ಬಾಗಿಲು, ಅದೂ ಅರ್ಧ ತೆರೆದಿತ್ತು. ಕುದಿಯುವ ಬ್ಯಾಟರಿಯಿಂದ ಬರುವ ಗ್ಯಾಸು ಕಣ್ಣಿಗೆ ಕಾಣುವುದಿಲ್ಲ. ತಗಡಿನ ಕೆಳಗೆ ಅದು ಸೇರುತ್ತಿದೆ ಎಂಬುದಷ್ಟೇ ನನಗೆ ಗೊತ್ತಿತ್ತು. ಈಗ ಒಂದು ಕಿಡಿ ಹಾರಿದರೂ ಸಾಕು, ಅದೆಲ್ಲ ಹೊತ್ತಿ ಸಿಡಿಯುತ್ತದೆ.

ಬಾಗಿಲ ಕಡೆ ತಿರುಗುವಷ್ಟರಲ್ಲಿ, ಅಲ್ಲಿ ನಿಂತಿದ್ದ ಅಪ್ಪ ನನ್ನ ಪಕ್ಕದಲ್ಲಿದ್ದರು. ಅವರ ಬಲಗೈ ಬ್ಯಾಟರಿಯ ಮೇಲಿನ ದಪ್ಪ ಕ್ಲಿಪ್ಪನ್ನು ಹಿಡಿದಿತ್ತು.

“ಅಪ್ಪಾ, ಎಳೀಬ್ಯಾಡಿ! ಕಿಡಿ ಹಾರುತ್ತೆ!”

“ನೀನ್ ಆಚ್ಗೋಗು! ಸುಟ್ಟೋಯ್ತೀಯಾ!”

ಮೀಟರ್ ಬಿಸಾಡಿ ಎರಡೂ ಕೈಯಿಂದ ಅವರ ಮಣಿಕಟ್ಟು ಹಿಡಿದು ಕೆಳಕ್ಕೆ ಒತ್ತಿದೆ. ಅರವತ್ತು ದಾಟಿದ್ದ ಅಪ್ಪನಿಗೆ ಅಷ್ಟು ಬಲ ಎಲ್ಲಿಂದ ಬಂತೋ ಗೊತ್ತಿಲ್ಲ. ಭುಜದಿಂದ ನನ್ನನ್ನು ಬಾಗಿಲ ಕಡೆ ನೂಕುತ್ತಿದ್ದರು, ಕೈ ಮಾತ್ರ ಕ್ಲಿಪ್ಪನ್ನು ಬಿಡುತ್ತಿರಲಿಲ್ಲ. ಕ್ಲಿಪ್ಪಿನ ಒಂದು ಹಲ್ಲು ಎದ್ದು ಮತ್ತೆ ಕೂತದ್ದನ್ನು ಕಂಡೆ.

ಒಳಗಿಂದ ಕೂಗು ಬಂತು. “ಪ್ಲಗ್ಗೂ ಬತ್ತಾ ಇಲ್ಲ! ಕರಗಿ ಹಿಡ್ಕಂಬುಟ್ಟೈತೆ!”

“ಮೀಟರ್ ಬೋರ್ಡಿನ ಫ್ಯೂಸ್ ಕಿತ್ತಾಕಿ! ಒಣಗಿದ ಮಣೆ ಮೇಲೆ ನಿಂತ್ಕಳಿ!”

ಮಣೆ ಎಳೆದ ಸದ್ದು. ಏನೋ ಪಾತ್ರೆ ಉರುಳಿತು. ನಾನು ಅಪ್ಪನ ಕೈಯನ್ನು ಎದೆಯ ಭಾರವನ್ನೆಲ್ಲ ಹಾಕಿ ಹಿಡಿದುಕೊಂಡಿದ್ದೆ. ಅವರ ಒಳ್ಳೆಯ ಕಣ್ಣು ನನ್ನ ಮುಖಕ್ಕೆ ಇಷ್ಟು ಹತ್ತಿರದಲ್ಲಿತ್ತು. ಆ ಕಣ್ಣಿಗೆ ನಾನು ಕಾಣುತ್ತಿದ್ದೇನೆ ಎಂದು ನನಗೆ ಅನ್ನಿಸಲಿಲ್ಲ.

ಫ್ಯಾನಿನ ಸದ್ದು ಇಳಿಯಿತು. ತಿರುಗಿ ತಿರುಗಿ ನಿಂತಿತು.

“ಕಿತ್ತಾಕ್ದೆ!” ಎನ್ನುತ್ತಾ ಒಡತಿ ಫ್ಯೂಸನ್ನು ಕೈಯಲ್ಲೇ ಹಿಡಿದುಕೊಂಡು ಓಡಿ ಬಂದರು. ನಮ್ಮಿಬ್ಬರನ್ನು ಆ ಸ್ಥಿತಿಯಲ್ಲಿ ಕಂಡು ಬಾಗಿಲಲ್ಲೇ ನಿಂತುಬಿಟ್ಟರು.

“ಕರೆಂಟ್ ಇಲ್ಲ ಅಪ್ಪ. ನಿಂತೋಯ್ತು. ಕೈ ಬಿಡಿ” ಎಂದೆ. ಅವರ ಬೆರಳುಗಳು ತಾವಾಗಿ ಬಿಚ್ಚಲಿಲ್ಲ. ನಾನೇ ಒಂದೊಂದಾಗಿ ಎತ್ತಿದೆ. ಬಾಗಿಲನ್ನು ಪೂರ್ತಿ ತೆರೆದು, ಮೂವರೂ ಹೊರಗೆ ತುಂತುರಿನಲ್ಲೇ ನಿಂತೆವು.

ಆಮೇಲೆ ಜಗಲಿಯಲ್ಲಿ ಕೂತು, ಒಡತಿ ಕೊಟ್ಟ ಮಜ್ಜಿಗೆಯನ್ನು ಅಪ್ಪ ಕುಡಿಯದೆ ಹಿಡಿದುಕೊಂಡೇ ಇದ್ದರು. ನನ್ನ ಕಡೆ ನೋಡದೆ ಹೇಳಿದರು: “ಕಣ್ಣು ಹೋದ ದಿನಾನೂ ಹಿಂಗೇ ಕ್ಲಿಪ್ ಎಳ್ದಿದ್ದೆ ಕಣವ್ವ. ಚಾರ್ಜು ನಡೀತಾ ಇರೋವಾಗ್ಲೇ. ತಾನಾಗಿ ಸಿಡೀಲಿಲ್ಲ ಅದು.”

“ಯಾಕೆ ಹೇಳ್ಲಿಲ್ಲ?” ಎಂದೆ.

“ಕಸುಬು ಗೊತ್ತಿರೋನು ಹಂಗ್ ಮಾಡ್ದ ಅಂತ ಯಾರ್ ಬಾಯಲ್ಲೂ ಬರೋದು ಬ್ಯಾಡಾಗಿತ್ತು. ಇವತ್ತು ಗೊತ್ತಿದ್ದೂ ಕೈ ಅಲ್ಲಿಗೇ ಹೋಯ್ತು ನೋಡು. ನೀನು ಅಲ್ಲಿ ಬಗ್ಗಿದ್ದೆ. ಇನ್ನೇನೂ ಕಾಣ್ಲಿಲ್ಲ ನಂಗೆ.”

ನಾನು ಅವರ ಮಣಿಕಟ್ಟು ನೋಡಿದೆ. ನನ್ನ ಬೆರಳಿನ ಗುರುತು ಕೆಂಪಗೆ ಎದ್ದಿತ್ತು. ಆ ಕೈಯನ್ನು ಹಿಡಿದುಕೊಂಡು ಕೂತೆ.

ಗಾಳಿಯಾಡಿದ ಮೇಲೆ ತಟ್ಟೆ ಬಿಚ್ಚಿ ನೋಡಿದಾಗ ಕಾರಣ ಸಿಕ್ಕಿತು. ಜಲ್ಲಿ ರಸ್ತೆಯಲ್ಲಿ ತಟ್ಟೆ ಕುಲುಕಿ ಅದರ ಅಂಚು ಸುದ್ದಿ ತಂತಿಯನ್ನು ಉಜ್ಜಿ ಉಜ್ಜಿ ಒಳಗೇ ತುಂಡು ಮಾಡಿತ್ತು. ಮೇಲಿನ ಹೊದಿಕೆ ಮಾತ್ರ ಉಳಿದಿತ್ತು. ರೆಗ್ಯುಲೇಟರ್ ಕೂಗಿಕೊಂಡದ್ದು ಚಾರ್ಜರ್‌ಗೆ ಕೇಳಿರಲೇ ಇಲ್ಲ. ಏಳನೇ ಬ್ಯಾಟರಿಯ ಹೊಟ್ಟೆ ಉಬ್ಬಿತ್ತು, ಅದನ್ನು ಎತ್ತಿಟ್ಟೆ.

ಮಾರನೆಯ ದಿನ ಒಡತಿ ಹಾಲಿಗೆ ಬಾಡಿಗೆ ಆಟೋ ಕಳಿಸಿ, ಮಾಗಡಿಯಿಂದ ಹೊಸ ಸ್ವಿಚ್, ಪ್ಲಗ್ಗು ತಂದರು. ನಾನು ರಾಮನಗರದಿಂದ ಬೇರೆ ಬ್ಯಾಟರಿ, ಬೇರೆ ರೆಗ್ಯುಲೇಟರ್ ತಂದು, ಸುದ್ದಿ ತಂತಿಗೆ ರಬ್ಬರಿನ ಕೊಳವೆ ತೊಡಿಸಿದೆ. ಈ ಸಲ ವ್ಯಾನು ಹೊಂಗೆಮರದ ಕೆಳಗೆ, ಬಯಲಿನಲ್ಲಿ. ಅಪ್ಪ ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಬ್ಯಾಟರಿಯ ಹತ್ತಿರ ಬರಲಿಲ್ಲ. ಪಡಸಾಲೆಯ ಸ್ವಿಚ್ಚಿನ ಕೆಳಗೆ ಹೋಗಿ ನಿಂತರು.

ಮೊದಲ ಕೆಂಪು ದೀಪ ಹೊತ್ತಿದಾಗ ನಾನು ಚಾರ್ಜರಿನ ಕಡೆ ಬಗ್ಗಿದೆ. ಚಾರ್ಜರಿನ ಮುಳ್ಳು ಅಲುಗಿತು, ಸರಸರನೆ ಇಳಿಯಿತು. ದೀಪ ಆರಿತು, ಮುಳ್ಳು ಸ್ವಲ್ಪ ಏರಿತು, ಮತ್ತೆ ದೀಪ, ಮತ್ತೆ ಇಳಿತ. “ಏನಾಯ್ತವ್ವ?” ಅಪ್ಪ ಅಲ್ಲಿಂದಲೇ ಕೂಗಿದರು. “ಕೇಳ್ತಾ ಐತೆ ಅಪ್ಪ, ಮಾತು ಕೇಳ್ತಾ ಐತೆ” ಎಂದೆ. ಒಂದಾದ ಮೇಲೊಂದು ದೀಪ ಹೊತ್ತುತ್ತಾ ಸಂಜೆಗೆ ಮುಂಚೆ ಹತ್ತೂ ಕೆಂಪಾದವು. ಒಡತಿ ಸೆರಗಿನಿಂದ ಮುಖ ಒರೆಸಿಕೊಂಡು, ನಾಳೆ ತಾವೇ ಹಾಲಿಗೆ ಹೋಗುವುದಾಗಿ ಯಾರಿಗೋ ಫೋನ್ ಮಾಡಿದರು. ಆ ಬ್ಯಾಟರಿಗಳು ಅವರಿಗೆ ಒಳ್ಳೆಯ ಬಾಳಿಕೆ ಬಂದವು.

ರಾಮನಗರಕ್ಕೆ ಮರಳಿದ ಮೇಲೆ ಅಪ್ಪ ಎಲ್ಲಿಂದಲೋ ಹಳೆಯ ಕಬ್ಬಿಣದ ಹಿಡಿಯಿರುವ ದೊಡ್ಡ ಸ್ವಿಚ್ ಹೊತ್ತು ತಂದರು. ಶೆಡ್ಡಿನ ಬಾಗಿಲ ಪಕ್ಕ, ಕೈಗೆಟುಕುವ ಎತ್ತರದಲ್ಲಿ ಅದನ್ನು ಕೂರಿಸಿ ಕೆಂಪು ಬಣ್ಣ ಬಳಿದರು. ಯಾವ ಗಾಡಿಯನ್ನು ಚಾರ್ಜಿಗೆ ಹಾಕಿದರೂ ಮೊದಲು, “ಒಂದ್ಸಲ ಆಫ್ ಮಾಡಿ ತೋರ್ಸು” ಎನ್ನುತ್ತಿದ್ದರು. ನಾನು ಹಿಡಿ ಎಳೆಯುತ್ತಿದ್ದೆ. ಫ್ಯಾನ್ ಪೂರ್ತಿ ನಿಂತದ್ದು ಕಿವಿಗೆ ಕೇಳಿಸಿದ ಮೇಲೆಯೇ ಅವರು ಕುರ್ಚಿಯಲ್ಲಿ ಕೂರುತ್ತಿದ್ದುದು.